ಪ್ಲಗಿನ್‌ಗೆ ಯಾವ ಬೀಗ, ಎಷ್ಟು ಬೀಗ?

ಸಂಗೀತದ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಕೂರುವ ಪುಟ್ಟ ಸಾಫ್ಟ್‌ವೇರ್) ಬರೆದು ಮುಗಿಸಿದವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಪ್ರಶ್ನೆ. "ಸರ್, ಕ್ರ್ಯಾಕ್ ಆಗದ ಹಾಗೆ ಏನು ಮಾಡ್ಬೇಕು?" ಕ್ರ್ಯಾಕ್ ಎಂದರೆ ಬೀಗವನ್ನು, ಅಂದರೆ ದುಡ್ಡು ಕೊಡದವರು ಬಳಸದಂತೆ ತಡೆಯುವ ವ್ಯವಸ್ಥೆಯನ್ನು, ಒಡೆಯುವುದು. ಏನೂ ಮಾಡಕ್ಕಾಗಲ್ಲ ಅಂದರೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುವುದಿಲ್ಲ. ಎರಡು ವರ್ಷ ನಿದ್ದೆಗೆಟ್ಟು ಬರೆದ ರಿವರ್ಬ್ (ಶಬ್ದಕ್ಕೆ ಪ್ರತಿಧ್ವನಿ ಸೇರಿಸುವ ಪ್ಲಗಿನ್) ನಾಳೆ ಯಾವುದೋ ಟೊರೆಂಟ್‌ನಲ್ಲಿ ಬಿಟ್ಟಿ ಸಿಗುತ್ತದೆ ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ನನಗೂ ಉರಿದಿತ್ತು.

ನನ್ನದು ತಂಬೂರಿ ಶ್ರುತಿಯ ಒಂದು ಪುಟ್ಟ ಪ್ಲಗಿನ್. ಹೊಟ್ಟೆಪಾಡಿಗೆ ಬೇರೆ ನೌಕರಿ ಇದೆ, ಇದು ಸಂಜೆಯ ಕೆಲಸ. ಕೊಳ್ಳುವವರು ಸಣ್ಣ ಸ್ಟುಡಿಯೋದವರು, ಸಂಗೀತದ ಮೇಷ್ಟ್ರುಗಳು, ಅಮೆರಿಕದಲ್ಲಿ ಮಕ್ಕಳಿಗೆ ಪಾಠ ಹೇಳುವ ಒಂದಷ್ಟು ಕನ್ನಡದವರು, ಮತ್ತೆ ಶ್ರುತಿ ಗಿತಿ ಗೊತ್ತಿಲ್ಲದೆ ಆ ನಾದಕ್ಕೇ ಮಾರುಹೋದ ಯುರೋಪಿನ ಕೆಲವರು. ಇಷ್ಟು ವರ್ಷದಲ್ಲಿ ಮೂರು ಥರದ ಬೀಗ ಹಾಕಿ ನೋಡಿದ್ದೇನೆ. ಆ ಅನುಭವ, ಜೊತೆಗೆ ಈ ಧಂಧೆಯ ದೊಡ್ಡವರು ನಡೆದ ದಾರಿ, ಎಡವಿದ ಜಾಗ ಎಲ್ಲ ಸೇರಿಸಿ ಈ ಹೋಲಿಕೆ ಬರೆದಿದ್ದೇನೆ.

ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ವಿಎಸ್‌ಟಿ ಎಂಬ ವ್ಯವಸ್ಥೆ ತಂದ ಮೇಲೆ, ಕ್ಯೂಬೇಸ್‌ನಂಥ ದೊಡ್ಡ ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಕೂರುವ ಚಿಕ್ಕ ವಾದ್ಯಗಳನ್ನು, ಎಫೆಕ್ಟುಗಳನ್ನು ಮನೆಯಲ್ಲೇ ಕೂತು ಬರೆದು ಮಾರುವುದು ಸಾಧ್ಯವಾಯಿತು. ಇಂದಿಗೂ ಈ ಲೋಕದಲ್ಲಿ ಒಬ್ಬರೇ ಅಥವಾ ಇಬ್ಬರೇ ಇರುವ ಕಂಪನಿಗಳು ಬೇಕಾದಷ್ಟಿವೆ. ಅಂಥವರಿಗಾಗಿ ಬರೆಯುತ್ತಿದ್ದೇನೆ. ಹಾಗಾಗಿ ನಾನು ಬೀಗವನ್ನು ಅಳೆಯುವ ಕೋಲೂ ಬೇರೆ: ಅದು ಕೆಟ್ಟು ನಿಂತ ದಿನ ದುಡ್ಡು ಕೊಟ್ಟವರು ಎಷ್ಟು ಒದ್ದಾಡುತ್ತಾರೆ, ಅವರ ಮೇಲ್‌ಗೆ ರಾತ್ರಿ ಹನ್ನೊಂದಕ್ಕೆ ಉತ್ತರ ಬರೆಯುವವರು ಯಾರು?

ಬೀಗವೇ ಇಲ್ಲದ ಅಂಗಡಿ

ಇಲ್ಲಿ ಎಲ್ಲರೂ ಮೊದಲು ಎತ್ತುವ ಹೆಸರು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನದು. 60 ದಿನ ಉಚಿತ, ಎಲ್ಲ ಸೌಲಭ್ಯಗಳೂ ತೆರೆದೇ ಇರುತ್ತವೆ. 61ನೇ ದಿನವೂ ಕೆಲಸ ನಿಲ್ಲುವುದಿಲ್ಲ. ಶುರುವಾಗುವಾಗ ಒಂದು ಕಿಟಕಿ ಬಂದು "ಇನ್ನೂ ಕೊಂಡಿಲ್ಲವಲ್ಲ" ಎಂದು ನೆನಪಿಸಿ ಕೆಲವು ಸೆಕೆಂಡ್ ಕಾಯಿಸುತ್ತದೆ, ಅಷ್ಟೇ. ಬೆಲೆ 60 ಡಾಲರ್. ಸಂಗೀತದಿಂದ ವರ್ಷಕ್ಕೆ 20,000 ಡಾಲರ್‌ಗಿಂತ ಹೆಚ್ಚು ಬರುವವರಿಗೆ 225. ಯಾರು ಯಾವುದನ್ನು ಕೊಡಬೇಕೆಂದು ಯಾರೂ ಬಂದು ಲೆಕ್ಕಪತ್ರ ನೋಡುವುದಿಲ್ಲ. 7ನೇ ಆವೃತ್ತಿ ಕೊಂಡವರಿಗೆ 8.99ರವರೆಗೂ ಅದೇ ಲೈಸೆನ್ಸ್ ನಡೆಯುತ್ತದೆ.

ಆರ್ಡರ್ (Ardour) ಎಂಬ ಇನ್ನೊಂದು ರೆಕಾರ್ಡಿಂಗ್ ಸಾಫ್ಟ್‌ವೇರ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಸೋರ್ಸ್ ಕೋಡ್ ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಅಡಿಯಲ್ಲಿ ಎಲ್ಲರಿಗೂ ಉಚಿತ. ಆ ಕೋಡಿನಿಂದ ಓಡುವ ಪ್ರತಿಯನ್ನು ತಾವೇ ತಯಾರಿಸಿಕೊಳ್ಳುವ (ಕಂಪೈಲ್ ಮಾಡುವ) ತಾಪತ್ರಯ ಬೇಡ ಎನ್ನುವವರು ಸಿದ್ಧ ಪ್ರತಿಗೆ ತಮ್ಮ ಕೈಲಾದಷ್ಟು ಕೊಡಬೇಕು, ಇಲ್ಲವೇ ತಿಂಗಳಿಗೆ ಒಂದು ಡಾಲರಿನಿಂದ ಶುರುವಾಗುವ ಚಂದಾ ಕಟ್ಟಬೇಕು. ಬೇಡಿಕೆಯಿರುವುದು ಸಾಫ್ಟ್‌ವೇರಿಗಿಂತ ಅನುಕೂಲಕ್ಕೆ ಎಂದು ಕಂಡುಕೊಂಡ ಜಾಣತನ ಅದು.

ಇವೆರಡನ್ನೂ ತೋರಿಸಿ "ನೋಡಿ, ಬೀಗ ಇಲ್ಲದೆಯೂ ಬದುಕಬಹುದು" ಎನ್ನುವವರು ಒಂದು ಸಂಗತಿಯನ್ನು ಹೇಳುವುದಿಲ್ಲ. ರೀಪರ್ ಬರೆದ ಜಸ್ಟಿನ್ ಫ್ರಾಂಕೆಲ್ ಅದಕ್ಕೂ ಮುಂಚೆ ವಿನ್ಆ್ಯಂಪ್ ಎಂಬ ಹಾಡು ಕೇಳಿಸುವ ಸಾಫ್ಟ್‌ವೇರ್ ಬರೆದವರು. ಅವರ ನಲ್‌ಸಾಫ್ಟ್ ಕಂಪನಿಯನ್ನು 1999ರಲ್ಲಿ ಅಮೆರಿಕದ ಇಂಟರ್‌ನೆಟ್ ಕಂಪನಿ ಎಒಎಲ್ ಕೊಂಡಿತು. ಆರ್ಡರ್‌ನ ಪಾಲ್ ಡೇವಿಸ್ ಅಮೆಜಾನ್‌ನ ಮೊದಮೊದಲ ಉದ್ಯೋಗಿಗಳಲ್ಲಿ ಒಬ್ಬರು. ಇಬ್ಬರೂ ತುಂಬಿದ ಹೊಟ್ಟೆಯಲ್ಲಿ ಶುರುಮಾಡಿದವರು. ಅವರ ಉದಾರತೆ ಕಡಿಮೆಯದು ಎಂದಲ್ಲ. ಮನೆ ಬಾಡಿಗೆ ಕಟ್ಟಬೇಕಾದವನು ಅದನ್ನು ಮಾದರಿ ಮಾಡಿಕೊಳ್ಳುವ ಮುಂಚೆ ಇದು ಗೊತ್ತಿರಲಿ.

ಆ ಮಟ್ಟಿಗೆ ನನಗೆ ಹತ್ತಿರವೆನಿಸುವುದು ಏರ್‌ವಿಂಡೋಸ್‌ನ ಕ್ರಿಸ್ ಜಾನ್ಸನ್. ಮೊದಲು ಪ್ಲಗಿನ್‌ಗಳನ್ನು ಒಂದೊಂದಾಗಿ ಮಾರುತ್ತಿದ್ದರು. ಆಮೇಲೆ ಎಲ್ಲವನ್ನೂ ಉಚಿತ ಮಾಡಿ, ಕೋಡನ್ನು ಎಂಐಟಿ ಎಂಬ ಮುಕ್ತ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟು, ಪೇಟ್ರಿಯಾನ್‌ನಲ್ಲಿ ಜನ ಕೊಡುವ ತಿಂಗಳ ಹಣದ ಮೇಲೆ ನಿಂತರು. ಅವರ ಪ್ಲಗಿನ್‌ಗೆ ಚಂದದ ಮುಖವೂ ಇಲ್ಲ, ಬರೀ ಸ್ಲೈಡರುಗಳು. ಆದರೆ ಹೊಸ ಪ್ಲಗಿನ್ ಬರುತ್ತಲೇ ಇರುತ್ತದೆ, ಪ್ರತಿಯೊಂದಕ್ಕೂ ಅವರದೇ ವಿಡಿಯೋ ಇರುತ್ತದೆ. ಇದು ಹರಿಕಥೆ ದಾಸರ ಬದುಕು: ತಟ್ಟೆಗೆ ದುಡ್ಡು ಬೀಳುವುದು ಕಥೆ ನಡೆಯುತ್ತಿರುವಷ್ಟು ಹೊತ್ತು. ವರ್ಷಕ್ಕೊಂದು ಪ್ಲಗಿನ್ ಬರೆದು ಸುಮ್ಮನಾಗುವ ನನ್ನಂಥವರಿಗೆ ಆಗಿಬರುವುದಿಲ್ಲ.

ನಡುವಿನ ದಾರಿ ವೈಟಲ್ ಎಂಬ ಸಿಂಥ್ (ಕಂಪ್ಯೂಟರಿನಲ್ಲೇ ಶಬ್ದ ಹುಟ್ಟಿಸುವ ವಾದ್ಯ). ಮ್ಯಾಟ್ ಟೈಟೆಲ್ 2020ರ ನವೆಂಬರಿನಲ್ಲಿ ಬಿಡುಗಡೆ ಮಾಡಿದ್ದು. ಉಚಿತ ಪ್ರತಿಯಲ್ಲೂ ಶಬ್ದ ಹುಟ್ಟಿಸುವ ಎಂಜಿನ್ ಪೂರ್ತಿ ಅದೇ; 25 ಡಾಲರ್ ಅಥವಾ 80 ಡಾಲರ್ ಕೊಟ್ಟರೆ ಸಿಗುವುದು ಹೆಚ್ಚಿನ ಪ್ರೀಸೆಟ್, ವೇವ್‌ಟೇಬಲ್‌ಗಳು, ಅಂದರೆ ಸಿದ್ಧ ಶಬ್ದಗಳು, ಶಬ್ದದ ಅಲೆಯ ಮಾದರಿಗಳು. ಕೋಡ್ ಜಿಪಿಎಲ್ ಅಡಿಯಲ್ಲಿ ತೆರೆದಿದೆ, ಆದರೆ ವೈಟಲ್ ಎಂಬ ಹೆಸರನ್ನು ಬೇರೆಯವರು ಬಳಸುವಂತಿಲ್ಲ. ಅದಕ್ಕೇ ಆ ಕೋಡಿನಿಂದ ಹುಟ್ಟಿದ ಇನ್ನೊಂದು ಪ್ರತಿ ವೈಟಲಿಯಂ ಎಂಬ ಹೆಸರಿನಲ್ಲಿ ಓಡಾಡುತ್ತಿದೆ. ನಿಮ್ಮ ಪ್ಲಗಿನ್ ಜೊತೆ ಮಾರಲು ಶಬ್ದಗಳ ಕಟ್ಟು ಇದ್ದರೆ ಈ ದಾರಿ ಯೋಚಿಸಬಹುದು. ಕಂಪ್ರೆಸರ್ (ಶಬ್ದದ ಏರಿಳಿತ ತಗ್ಗಿಸುವ ಎಫೆಕ್ಟ್) ಬರೆದಿದ್ದರೆ ಮಾರಲು ಬೇರೇನೂ ಇರುವುದಿಲ್ಲ.

ಸೀರಿಯಲ್ ನಂಬರೋ, ಕೀ ಫೈಲೋ

ಹೆಚ್ಚಿನವರಿಗೆ ಹೊಂದುವುದು ಇದೇ ಎಂದು ನನ್ನ ಅನಿಸಿಕೆ. ಅದರಲ್ಲೂ ಎರಡರ ನಡುವಿನ ವ್ಯತ್ಯಾಸ ಸರಿಯಾಗಿ ತಿಳಿದುಕೊಳ್ಳಬೇಕು.

ಹಳೇ ಕಾಲದ ಸೀರಿಯಲ್ ನಂಬರ್ ಒಂದು ಲೆಕ್ಕದ ಮೇಲೆ ನಿಂತಿರುತ್ತದೆ. ಅಂಕಿಗಳನ್ನು ಹೀಗೆ ಕೂಡಿ, ಹಾಗೆ ಭಾಗಿಸಿದರೆ ಇಷ್ಟು ಶೇಷ ಬರಬೇಕು ಎಂಬಂಥದ್ದು. ತಾಳೆ ನೋಡುವ ಆ ಲೆಕ್ಕ ಪ್ಲಗಿನ್‌ನ ಹೊಟ್ಟೆಯಲ್ಲೇ ಇರಬೇಕಲ್ಲ? ಅದನ್ನು ಬಿಚ್ಚಿ ಓದಿದವನು ತಾನೇ ನಂಬರ್ ಹುಟ್ಟಿಸುವ ಕೀಜೆನ್ ಬರೆಯುತ್ತಾನೆ. ಒಮ್ಮೆ ಕೀಜೆನ್ ಬಂತೆಂದರೆ ನೀವು ಮುಂದೆ ತರುವ ಆವೃತ್ತಿಗಳೂ ಅದೇ ನಂಬರಿಗೆ ತೆರೆದುಕೊಳ್ಳುತ್ತವೆ. ಲೆಕ್ಕ ಬದಲಾಯಿಸಿದರೆ ದುಡ್ಡು ಕೊಟ್ಟ ಹಳೇ ಗ್ರಾಹಕರಿಗೆಲ್ಲ ಹೊಸ ನಂಬರ್ ಕಳಿಸಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಕೀ ಫೈಲ್‌ನಲ್ಲಿ ಈ ತೊಂದರೆಯಿಲ್ಲ. ಕೊಂಡವರ ಹೆಸರು, ಮೇಲ್ ವಿಳಾಸ ಬರೆದು, ಅದಕ್ಕೆ ನಿಮ್ಮ ಬಳಿ ಮಾತ್ರ ಇರುವ ಖಾಸಗಿ ಕೀಲಿಯಿಂದ ಡಿಜಿಟಲ್ ಸಹಿ ಹಾಕಿ ಕಳಿಸುತ್ತೀರಿ. ಪ್ಲಗಿನ್‌ನೊಳಗಿರುವುದು ಸಹಿಯನ್ನು ಗುರುತಿಸುವ ಸಾರ್ವಜನಿಕ ಕೀಲಿ. ಅದರಿಂದ ಸಹಿ ಗುರುತಿಸಬಹುದು, ಹಾಕಲಾಗದು. ಹಾಗಾಗಿ ಕೀಜೆನ್ ಬರುವ ದಾರಿ ಮುಚ್ಚಿತು. ಕ್ರ್ಯಾಕ್ ಮಾಡುವವನು ಆಗ ತಾಳೆ ನೋಡುವ ಜಾಗವನ್ನೇ ಹುಡುಕಿ ತಿದ್ದಬೇಕು, ಮತ್ತು ಪ್ರತಿ ಹೊಸ ಆವೃತ್ತಿಯಲ್ಲೂ ಮತ್ತೆ ತಿದ್ದಬೇಕು. ನೀವು ಎರಡು ತಿಂಗಳಿಗೊಮ್ಮೆ ಏನಾದರೂ ಸರಿಪಡಿಸಿ ಹೊಸ ಆವೃತ್ತಿ ಬಿಡುತ್ತಿದ್ದರೆ ಅದೇ ಅರ್ಧ ಕಾವಲು. ಪ್ಲಗಿನ್ ಬರೆಯುವ ಬಹಳ ಮಂದಿ ಬಳಸುವ ಜ್ಯೂಸ್ (JUCE) ಎಂಬ ಸಿದ್ಧ ಕೋಡಿನ ಚೌಕಟ್ಟಿನಲ್ಲಿ ಇದಕ್ಕೆಂದೇ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಸಿದ್ಧ ಮಾಡ್ಯೂಲ್ ಇದೆ. ಒಂದು ವಾರದ ಕೆಲಸ.

ವಲ್‌ಹಲ್ಲಾ ಡಿಎಸ್‌ಪಿ ಎಂಬ ಕಂಪನಿಯ ಶಾನ್ ಕಾಸ್ಟೆಲೊ ರಿವರ್ಬ್‌ಗಳನ್ನು 50 ಡಾಲರಿಗೊಂದರಂತೆ ಕೀ ಫೈಲ್ ಕೊಟ್ಟು ಮಾರುತ್ತಾರೆ. ಇಂಟರ್‌ನೆಟ್ ಬೇಡ, ಡಾಂಗಲ್ (ಲೈಸೆನ್ಸ್ ಇಟ್ಟುಕೊಳ್ಳುವ ಯುಎಸ್‌ಬಿ ಕಡ್ಡಿ) ಬೇಡ. 2020ರಲ್ಲಿ ಸೂಪರ್‌ಮ್ಯಾಸಿವ್ ಎಂಬ ಪ್ಲಗಿನ್ನನ್ನು ಪೂರ್ತಿ ಉಚಿತ ಬಿಟ್ಟರು. ಕಂಪನಿಯ ಹೆಸರೇ ಕೇಳದವರ ಕಂಪ್ಯೂಟರಿನಲ್ಲೂ ಅದು ಕೂತಿತು. ಜಾಹೀರಾತಿಗೆ ಇದಕ್ಕಿಂತ ಸೋವಿ ದಾರಿ ನಾನು ಕಂಡಿಲ್ಲ.

ಕೀ ಫೈಲ್‌ನಲ್ಲಿ ಹೆಸರು ಹಾಕುವುದಕ್ಕೆ ಇನ್ನೊಂದು ಉಪಯೋಗವಿದೆ. ಪ್ಲಗಿನ್ ತೆರೆದಾಗ ಮೂಲೆಯಲ್ಲಿ "ಇದು ಇಂಥವರಿಗೆ ಸೇರಿದ್ದು" ಎಂದು ಕಾಣಿಸಿದರೆ ಸಾಕು, ಗೆಳೆಯನಿಗೆ ಫೈಲ್ ಕಳಿಸುವಾಗ ಕೈ ಒಂದು ಕ್ಷಣ ತಡೆಯುತ್ತದೆ. ನಮ್ಮಂಥ ಸಣ್ಣ ಕೂಟದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಮೈಸೂರಿನ ಸ್ಟುಡಿಯೋದವರ ಹೆಸರಿನ ಪ್ರತಿ ಹುಬ್ಬಳ್ಳಿಯಲ್ಲಿ ಕಂಡರೆ ಒಂದು ಫೋನಿನಲ್ಲಿ ವಿಷಯ ಮುಟ್ಟುತ್ತದೆ. ಕದ್ದ ಕಾರ್ಡಿನಿಂದ ಕೊಂಡ ಕೀ ಇದ್ದರೆ ಅದನ್ನು ಮುಂದಿನ ಆವೃತ್ತಿಯ ಕಪ್ಪುಪಟ್ಟಿಗೆ ಸೇರಿಸಿಬಿಡಿ.

ಇಲ್ಲಿ ಒಂದು ಆಸೆಗೆ ಬೀಳಬೇಡಿ. ಕೆಲವರು ತಾಳೆ ನೋಡುವುದನ್ನು ಹತ್ತು ಕಡೆ ಹರಡಿ, ಮೊದಲ ದಿನ ಸುಮ್ಮನಿದ್ದು ಎರಡು ವಾರವಾದ ಮೇಲೆ ಕದ್ದ ಪ್ರತಿಯಲ್ಲಿ ಶಬ್ದ ಕೆಡುವ ಹಾಗೆ ಮಾಡುತ್ತಾರೆ. ಕೇಳುವುದಕ್ಕೆ ಮಜಾ ಇದೆ. ಆದರೆ ಕದ್ದವನು "ನಾನು ಕದ್ದದ್ದು, ಅದಕ್ಕೇ ಕೆಟ್ಟಿತು" ಎಂದು ಹೇಳಿಕೊಳ್ಳುವುದಿಲ್ಲ; "ಆ ಪ್ಲಗಿನ್ ದಂಡ, ಮಧ್ಯದಲ್ಲಿ ಕೈಕೊಡುತ್ತೆ" ಎಂದು ಸಾರುತ್ತಾನೆ. ನಿಮ್ಮದೇ ಕೋಡಿನ ತಪ್ಪಿನಿಂದ ಆ ಬಲೆ ದುಡ್ಡು ಕೊಟ್ಟವರ ಮೇಲೆ ಬಿದ್ದರಂತೂ ಕಥೆ ಮುಗಿಯಿತು. ಇನ್ನೊಂದು ತಾಂತ್ರಿಕ ವಿಷಯ: ಶಬ್ದವನ್ನು ಸೆಕೆಂಡಿಗೆ 48,000 ಸ್ಯಾಂಪಲ್‌ಗಳಾಗಿ (48 ಕಿಲೋಹರ್ಟ್ಸ್) ಕತ್ತರಿಸಿ, ಒಂದು ಸಲಕ್ಕೆ 128ರ ಕಂತಿನಲ್ಲಿ (ಬಫರ್) ಲೆಕ್ಕ ಹಾಕುವಾಗ ಪ್ರತಿ ಕಂತಿಗೆ ಪ್ಲಗಿನ್‌ಗೆ ಸಿಗುವ ಕಾಲ ಸುಮಾರು 2.7 ಮಿಲಿಸೆಕೆಂಡ್. ಅಷ್ಟರೊಳಗೆ ಶಬ್ದದ ಲೆಕ್ಕ ಮುಗಿಯದಿದ್ದರೆ ಪಟಪಟ ಎನ್ನುತ್ತದೆ. ಆ ಹಾದಿಯಲ್ಲಿ ಲೈಸೆನ್ಸ್ ತಪಾಸಣೆ ತಂದಿಟ್ಟವರಿಗೆ ದೇವರೇ ಗತಿ.

ಡೆಮೋ ಹೇಗಿರಬೇಕು ಎಂಬುದನ್ನು ಬೀಗದಷ್ಟೇ ಗಮನ ಕೊಟ್ಟು ಯೋಚಿಸಿ. ಬರ್ಲಿನ್‌ನ ಯು-ಹಿ ಕಂಪನಿಯ ಸಿಂಥ್‌ಗಳಲ್ಲಿ ಡೆಮೋ ಆಗಾಗ ಚಟಪಟ ಸದ್ದು ಮಾಡುತ್ತದೆ, ಉಳಿದಂತೆ ನಿಜವಾದ ಸಿಂಥ್ ಹೇಗಿದೆಯೆಂದು ಪೂರ್ತಿ ಕೇಳಿಸುತ್ತದೆ. ಡೆಮೋ ಚೆನ್ನಾಗಿದ್ದರೆ "ಟ್ರೈ ಮಾಡೋಕೆ ಕ್ರ್ಯಾಕ್ ಇಳಿಸಿದೆ" ಎನ್ನುವ ನೆಪವೇ ಉಳಿಯುವುದಿಲ್ಲ.

ಸರ್ವರ್ ಕೇಳಿ ತೆರೆಯುವ ಬಾಗಿಲು

ನನ್ನ ಮೊದಲ ಬೀಗ ಇದೇ ಆಗಿತ್ತು. ಪ್ಲಗಿನ್ ಕಂಪ್ಯೂಟರಿನ ಗುರುತು ಓದಿ ನನ್ನ ಸರ್ವರಿಗೆ ಕಳಿಸುವುದು, ಸರ್ವರ್ ಹೂಂ ಅಂದರೆ ತೆರೆಯುವುದು. ಒಬ್ಬರಿಗೆ ಎರಡು ಕಂಪ್ಯೂಟರ್. ಎಷ್ಟು ಜನ, ಎಲ್ಲಿಂದ, ಯಾವ ಆವೃತ್ತಿ ಎಂದೆಲ್ಲ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಕಾಫಿ ಜೊತೆ ನೋಡುವ ಚಟವಾಗಿತ್ತು.

ಒಂದು ಶನಿವಾರ ಉಡುಪಿಯ ಕಡೆಯ ಒಬ್ಬರು ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿಕೊಂಡು ರೆಕಾರ್ಡಿಂಗ್‌ಗೆ ಕೂತಿದ್ದಾರೆ. ಎಸ್‌ಎಸ್‌ಡಿ ಬದಲಾದ್ದರಿಂದ ಪ್ಲಗಿನ್ ಮತ್ತೆ ಅನುಮತಿ ಕೇಳಿತು. ಸರ್ವರ್ ಅಸಲಿ ಎಂದು ತೋರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟಿನ ಅವಧಿ ಹಿಂದಿನ ರಾತ್ರಿ ಮುಗಿದಿತ್ತು, ನವೀಕರಿಸಲು ನಾನೇ ಮರೆತಿದ್ದೆ. ಹಾಡುವವರು ಬಂದು ಕೂತಿದ್ದಾರೆ, ಶ್ರುತಿ ಇಲ್ಲ. ಕೊನೆಗೆ ಮೊಬೈಲಿನಲ್ಲಿ ಯಾರದೋ ತಂಬೂರಿ ಆ್ಯಪ್ ಹಾಕಿಕೊಂಡು ಕೆಲಸ ಮುಗಿಸಿದರಂತೆ. ನಾನು ದುಡ್ಡು ವಾಪಸ್ ಮಾಡುತ್ತೇನೆ ಎಂದೆ. "ದುಡ್ಡೆಂತದು ಮಾರಾಯ್ರೆ, ಮರ್ಯಾದೆ ಹೋಯ್ತಲ್ಲ" ಅಂದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆ ತಿಂಗಳೇ ಕೀ ಫೈಲ್‌ಗೆ ಬದಲಾದೆ.

ಆದರೂ ಸರ್ವರ್ ದಾರಿಯೇ ಬೇಕು ಎನ್ನುವವರು ಎರಡು ಕೆಲಸ ಮಾಡಿ. ಒಮ್ಮೆ ತೆರೆದ ಮೇಲೆ ಮತ್ತೆ ಕೇಳಬೇಡಿ. ಇಂಟರ್‌ನೆಟ್ ಇಲ್ಲದ ಸ್ಟುಡಿಯೋ ಕಂಪ್ಯೂಟರಿಗೆ, ಬೇರೆ ಕಡೆಯಿಂದ ಫೈಲ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ತೆರೆಯುವ ದಾರಿಯೊಂದನ್ನು ಇಟ್ಟಿರಿ.

ಐಲಾಕ್, ಡಾಂಗಲ್

ಪೇಸ್ ಕಂಪನಿಯ ಐಲಾಕ್ ಎಂಬ ಲೈಸೆನ್ಸ್ ವ್ಯವಸ್ಥೆ ಭದ್ರತೆಯಲ್ಲಿ ಬಲವಾದದ್ದು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಸ್ಟುಡಿಯೋಗಳಲ್ಲಿ ಯುಎಸ್‌ಬಿ ಐಲಾಕ್ ಆಗಲೇ ಇರುತ್ತದೆ. ಅವರಿಗೆ ನಿಮ್ಮದು ಇನ್ನೊಂದು ಲೈಸೆನ್ಸ್ ಅಷ್ಟೇ. ಈಗ ಕಂಪ್ಯೂಟರಿಗೇ ಕಟ್ಟುವ ಅಥವಾ ಕ್ಲೌಡ್‌ನಲ್ಲಿಡುವ ಆಯ್ಕೆಯೂ ಇದೆ. ಆದರೆ ಮನೆಯಲ್ಲೇ ರೆಕಾರ್ಡ್ ಮಾಡುವ ಮೇಷ್ಟ್ರಿಗೆ 20 ಡಾಲರಿನ ಪ್ಲಗಿನ್‌ಗೆ 50 ಡಾಲರಿಗೂ ಮೀರಿದ ಡಾಂಗಲ್ ಕೊಳ್ಳಿ ಎಂದರೆ ಮೂಗಿಗಿಂತ ಮೂಗುತಿ ಭಾರ. ಕಳೆದುಹೋದರೆ ಕೆಲಸ ನಿಲ್ಲದಿರಲಿ ಎಂದು ವರ್ಷಕ್ಕೆ 30 ಡಾಲರಿನ ವಿಮೆಯಂಥ ಯೋಜನೆಯನ್ನೂ ಪೇಸ್ ಮಾರುತ್ತದೆ. ಬೀಗಕ್ಕೆ ವಿಮೆ! 2013ರ ಜೂನ್‌ನಲ್ಲಿ ಐಲಾಕ್‌ನ ಹೊಸ ಲೈಸೆನ್ಸ್ ವ್ಯವಸ್ಥೆ ಬಂದಾಗ ಎಡವಟ್ಟಾಗಿ, ದುಡ್ಡು ಕೊಟ್ಟ ಎಷ್ಟೋ ಮಂದಿ ದಿನಗಟ್ಟಲೆ ತಮ್ಮದೇ ಪ್ಲಗಿನ್ ತೆರೆಯಲಾಗದೆ ಕೂತರು. ಸ್ಟೈನ್‌ಬರ್ಗ್ ಕೂಡ ವರ್ಷಗಟ್ಟಲೆ ಯುಎಸ್‌ಬಿ ಡಾಂಗಲ್ ನೆಚ್ಚಿಕೊಂಡಿದ್ದು, 2022ರ ಕ್ಯೂಬೇಸ್ 12ರಿಂದ ಅದನ್ನು ಕೈಬಿಟ್ಟಿತು.

ಪರರ ಕೋಟೆಯೊಳಗೆ

ನೀವು ವಾದ್ಯದ ಸ್ಯಾಂಪಲ್‌ಗಳನ್ನು, ಅಂದರೆ ರೆಕಾರ್ಡ್ ಮಾಡಿದ ಬಿಡಿ ನಾದಗಳನ್ನು, ಮಾರುವವರಾದರೆ ಲೆಕ್ಕ ಬೇರೆ. ಅವನ್ನು ನುಡಿಸುವ, ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಕಾಂಟ್ಯಾಕ್ಟ್ ಸ್ಯಾಂಪ್ಲರ್ ಈ ಲೋಕದ ಸಂತೆಮಾಳ. ಉಚಿತ ಕಾಂಟ್ಯಾಕ್ಟ್ ಪ್ಲೇಯರಿನಲ್ಲಿ ನಿಮ್ಮ ಲೈಬ್ರರಿ (ಸ್ಯಾಂಪಲ್‌ಗಳ ಕಟ್ಟು) ಓಡಬೇಕಾದರೆ ಆ ಕಂಪನಿಗೆ ಶುಲ್ಕ ಕಟ್ಟಿ ಮುದ್ರೆ ಹಾಕಿಸಬೇಕು. ಹಾಕಿಸದಿದ್ದರೆ ಪ್ಲೇಯರಿನಲ್ಲಿ 15 ನಿಮಿಷವಾದ ಮೇಲೆ ನಿಂತುಹೋಗುತ್ತದೆ. ದುಡ್ಡು ಕೊಟ್ಟು ಪೂರ್ತಿ ಕಾಂಟ್ಯಾಕ್ಟ್ ಕೊಂಡವರಿಗಷ್ಟೇ ಮಾರಬಹುದು. ಹಾಗೆ ಮುದ್ರೆಯಿಲ್ಲದ ಲೈಬ್ರರಿಗೆ ಬೀಗವೂ ಇಲ್ಲ, ಬರೀ ಫೈಲುಗಳು. ಒಂದು ವೀಣೆಯ ಸ್ಯಾಂಪಲ್ ಮಾಡಿದವರು ಮೊದಲು ಡೀಸೆಂಟ್ ಸ್ಯಾಂಪ್ಲರ್‌ನಂಥ ಉಚಿತ ಪ್ಲೇಯರಿನಲ್ಲಿ ಮಾರಿ ನೋಡಿ, ಕೈಗೆ ಸ್ವಲ್ಪ ಬಂದ ಮೇಲೆ ಮುದ್ರೆಯ ಯೋಚನೆ ಮಾಡುವುದು ವಾಸಿ.

ಮೊಬೈಲ್ ಇನ್ನೊಂದು ಕೋಟೆ. ನಮ್ಮ ಸಂಗೀತಕ್ಕೆ ಇದರ ಸಂಬಂಧ ಹಳೆಯದು. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ವಾದಕರೂ ಆದ ಜಿ. ರಾಜ್‌ನಾರಾಯಣ್ ಬೆಂಗಳೂರಿನ ರೇಡೆಲ್ ಮೂಲಕ ಎಲೆಕ್ಟ್ರಾನಿಕ್ ತಂಬೂರಿ, ತಾಳದ ಪೆಟ್ಟಿಗೆಗಳನ್ನು ಮನೆಮನೆಗೆ ತಂದರು. ಪೆಟ್ಟಿಗೆಯನ್ನು ಕಾಪಿ ಮಾಡಿ ಗೆಳೆಯನಿಗೆ ಕೊಡಲಾಗದು, ಯಂತ್ರವೇ ಬೀಗ. ಐತಬಲಾ ಪ್ರೊನಂಥ ಆ್ಯಪ್‌ಗಳು ಬಂದು ಆ ಪೆಟ್ಟಿಗೆಯನ್ನು ಫೋನಿನೊಳಗೆ ಇಳಿಸಿದವು. ಆ್ಯಪಲ್‌ನ ಆ್ಯಪ್ ಸ್ಟೋರ್‌ನಲ್ಲಿ ಕಾವಲು, ತೆರಿಗೆ, ಹಣ ವಸೂಲಿ ಎಲ್ಲವೂ ಅವರದೇ. ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆ ವ್ಯಾಪಾರ ಮಾಡುವ ಸಣ್ಣವರು ತಮಗೆಂದೇ ಇರುವ ಯೋಜನೆಗೆ ಅರ್ಜಿ ಹಾಕಿಕೊಂಡರೆ 2021ರಿಂದ ಕಮಿಷನ್ ಶೇ. 15. ಕೊಳ್ಳುವವರು ವಿದ್ಯಾರ್ಥಿಗಳಾದರೆ ಪ್ಲಗಿನ್‌ಗಿಂತ ಮೊದಲು ಆ್ಯಪ್ ಮಾಡಿ ಎಂದೇ ನಾನು ಹೇಳುವುದು.

ತಿಂಗಳ ಚಂದಾ

ಪ್ಲಗಿನ್ ಮಾರುವ ವೇವ್ಸ್ ಕಂಪನಿ 2023ರ ಮಾರ್ಚ್ ಕೊನೆಯಲ್ಲಿ, ಇನ್ನು ಬಿಡಿ ಮಾರಾಟವಿಲ್ಲ, ಚಂದಾ ಮಾತ್ರ ಎಂದು ಘೋಷಿಸಿತು. ಗ್ರಾಹಕರು ಎದ್ದುನಿಂತ ರಭಸಕ್ಕೆ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿ ಬಿಡಿ ಮಾರಾಟವನ್ನು ವಾಪಸ್ ತಂದಿತು. ಅಷ್ಟು ದೊಡ್ಡವರಿಗೇ ಹೀಗಾದರೆ ಒಂದು ಪ್ಲಗಿನ್ ಇಟ್ಟುಕೊಂಡ ನಾವು ಚಂದಾ ಕೇಳುವುದು ಹಾಸ್ಯಾಸ್ಪದ. ಭಾರತದಲ್ಲಿ ಇನ್ನೊಂದು ತೊಡಕೂ ಇದೆ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ವ್ಯವಹಾರಗಳಿಗೆ ಮೊದಲೇ ಒಪ್ಪಿಗೆ ನೋಂದಾಯಿಸಬೇಕು, ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಹೋಗಬೇಕು. ಆಗ ಎಷ್ಟೋ ವಿದೇಶಿ ಚಂದಾಗಳು ನಡುವೆಯೇ ಕಡಿದುಹೋದವು.

ದುಡ್ಡು ಕೈಗೆ ಬರುವುದು

ಬೀಗದ ಮಾತಾಡುತ್ತ ಕೂತವರು ಗಲ್ಲಾಪೆಟ್ಟಿಗೆಯನ್ನು ಮರೆಯುತ್ತಾರೆ. ಯುರೋಪಿನ ಗ್ರಾಹಕರಿಗೆ ಡಿಜಿಟಲ್ ಸರಕು ಮಾರಿದರೆ ಅವರ ದೇಶದ ದರದಲ್ಲಿ ವ್ಯಾಟ್ ಕಟ್ಟಬೇಕು. ಇದನ್ನು ಒಬ್ಬರೇ ನಿಭಾಯಿಸುವುದು ಹುಚ್ಚು. ಪ್ಯಾಡಲ್‌ನಂಥ ಸಂಸ್ಥೆಗಳು ತಾವೇ ಮಾರಾಟಗಾರರಾಗಿ ನಿಂತು ತೆರಿಗೆ ಕಟ್ಟಿ ಉಳಿದದ್ದನ್ನು ನಮಗೆ ಕಳಿಸುತ್ತವೆ. ಅವರ ಸಾಮಾನ್ಯ ದರ ಶೇ. 5 ಮತ್ತು ಮೇಲೆ 50 ಸೆಂಟ್. 50 ಡಾಲರಿನ ಪ್ಲಗಿನ್‌ನಲ್ಲಿ 3 ಡಾಲರ್ ಹೋಗುತ್ತದೆ, ಪರವಾಗಿಲ್ಲ. 5 ಡಾಲರಿನದಾದರೆ 75 ಸೆಂಟ್, ಅಂದರೆ ಶೇ. 15 ಹೋಯಿತು. ಹಾಗಾಗಿ ತೀರಾ ಅಗ್ಗದ ಪ್ಲಗಿನ್ ಮಾರುವುದಕ್ಕಿಂತ ಅದನ್ನು ಉಚಿತ ಕೊಟ್ಟು ಹೆಸರು ಗಳಿಸುವುದೇ ಮೇಲು. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದ ಒಳಗಿನ ಪಾವತಿ ನಿಲ್ಲಿಸಿದೆ, ಹೊರಗಿನಿಂದ ಬರುವುದಕ್ಕೆ ಮಾತ್ರ ಸಿಗುತ್ತದೆ. ಊರಿನವರಿಗೆ ನಾನು ಯುಪಿಐನಲ್ಲಿ ತೆಗೆದುಕೊಂಡು ಕೀ ಫೈಲ್ ಕೈಯಾರೆ ಮಾಡಿ ಕಳಿಸುತ್ತೇನೆ, ಬೆಲೆಯೂ ಕಡಿಮೆ. ಮ್ಯಾಕ್‌ಗೆ ಮಾರುವವರು ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಿ ಪ್ಲಗಿನ್‌ಗೆ ಅವರ ಮುದ್ರೆ ಪಡೆಯುವುದನ್ನೂ ಖರ್ಚಿನಲ್ಲಿ ಬರೆದುಕೊಳ್ಳಿ.

ಕಾನೂನು? ಇದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಗೊತ್ತಿದ್ದೂ ಕದ್ದ ಸಾಫ್ಟ್‌ವೇರ್ ಬಳಸಿದವರಿಗೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಹಾಕಬಹುದು. ಸಾವಿರ ಚಿಲ್ಲರೆ ರೂಪಾಯಿಯ ಪ್ಲಗಿನ್‌ಗೆ ಕೋರ್ಟಿಗೆ ಅಲೆಯುವ ಪುರುಸೊತ್ತಿದ್ದರೆ ಹೊಸ ಪ್ಲಗಿನ್ ಬರೆಯಿರಿ.

ಯಾರಿಗೆ ಯಾವುದು

ಒಬ್ಬರೇ ಇದ್ದು, 20 ಡಾಲರಿನಿಂದ 60 ಡಾಲರಿನ ನಡುವಿನ ಪ್ಲಗಿನ್ ಮಾರುವವರು ಕಣ್ಣು ಮುಚ್ಚಿ ಕೀ ಫೈಲ್ ಹಿಡಿಯಿರಿ, ಜೊತೆಗೊಂದು ಒಳ್ಳೆಯ ಡೆಮೋ ಇರಲಿ. ಸಿನಿಮಾ ಸ್ಟುಡಿಯೋಗಳಿಗೆ 300 ಡಾಲರಿನ ಸಲಕರಣೆ ಮಾರುವವರು ಐಲಾಕ್ ನೋಡಬಹುದು, ಅವರ ಗ್ರಾಹಕರಿಗೆ ಅದು ಒಗ್ಗಿದೆ. ಸಂಬಳ ಬೇರೆ ಕಡೆಯಿಂದ ಬರುತ್ತದೆ, ಜನ ಬಳಸಿದರೆ ಸಾಕು ಎನ್ನುವವರಿಗೆ ಬೀಗವೇ ಬೇಡ. ದೇಣಿಗೆಯ ಗುಂಡಿಯೊಂದನ್ನು ಇಟ್ಟು ಸುಮ್ಮನಿರಿ, ಅದರಿಂದ ಬಾಡಿಗೆ ಹುಟ್ಟುತ್ತದೆಂದು ಮಾತ್ರ ಕಾಯಬೇಡಿ. ಸರ್ವರ್ ದಾರಿ ಇಬ್ಬರು ಮೂವರಾದರೂ ಇರುವ ಕಂಪನಿಗೆ ಸರಿ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಫೋನ್ ಎತ್ತುತ್ತಾರೆ.

ಯಾವ ಬೀಗ ಹಾಕಿದರೂ ಅಂಗಡಿ ಮುಚ್ಚುವ ದಿನದ ಯೋಚನೆ ಇಂದೇ ಮಾಡಿ. ಕ್ಲಾಸ್ ಯೋಹಾನ್ಸನ್ ತಮ್ಮ ಸರ್ಜ್ ಸಿಂಥ್‌ನ ಮಾರಾಟ ಮುಂದುವರಿಸಲಾಗದಿದ್ದಾಗ 2018ರಲ್ಲಿ ಅದರ ಕೋಡನ್ನು ಜಿಪಿಎಲ್ ಅಡಿಯಲ್ಲಿ ಬಿಟ್ಟುಕೊಟ್ಟರು. ಬೇರೆಯವರು ಸೇರಿ ಬೆಳೆಸಿದ ಸರ್ಜ್ ಎಕ್ಸ್‌ಟಿ ಇಂದು ಎಲ್ಲ ಕಡೆ ಓಡುತ್ತಿದೆ. ನನ್ನ ತಂಬೂರಿಯ ಬೀಗವಿಲ್ಲದ ಒಂದು ಪ್ರತಿಯನ್ನೂ ಹಾಗೇ ಪ್ರತಿ ಆವೃತ್ತಿಯ ಜೊತೆ ಕಂಪೈಲ್ ಮಾಡಿ ತೆಗೆದಿಡುತ್ತೇನೆ. ಅದರ ಪಾಸ್‌ವರ್ಡ್ ನನ್ನ ತಮ್ಮನಿಗೆ ಗೊತ್ತು. ಯಾರಿಗೆಲ್ಲ ಕಳಿಸಬೇಕು ಎಂಬ ಪಟ್ಟಿಯೂ ಅದೇ ಫೋಲ್ಡರಿನಲ್ಲಿದೆ, ಮೊದಲ ಹೆಸರು ಉಡುಪಿಯವರದು.